ಸ್ವಾಟ್ ಕ್ಯಾಟ್ಸ್ ಮತ್ತೆ ಬರಬೇಕಾ, ಇಲ್ಲ ಅಲ್ಲಿಗೇ ಬಿಡೋದು ಒಳ್ಳೇದಾ?

ಗುಜರಿ ವಿಮಾನ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಇಬ್ಬರು ಬೆಕ್ಕು ಪೈಲಟ್‌ಗಳು ಮುಖವಾಡ ಹಾಕಿಕೊಂಡು ಯುದ್ಧವಿಮಾನದಲ್ಲಿ ಊರು ಕಾಯುವ ಸ್ವಾಟ್ ಕ್ಯಾಟ್ಸ್ ಕಾರ್ಟೂನ್ ಮತ್ತೆ ಬರಬೇಕಾ, ಬೇಡ್ವಾ? ಅದನ್ನು ನೋಡಿ ಬೆಳೆದವರು ಏನಂತೀರಿ?

ಅಮೆರಿಕದಲ್ಲಿ ಅದು ಶುರುವಾಗಿದ್ದು 1993ರ ಸೆಪ್ಟೆಂಬರ್‌ನಲ್ಲಿ, ನಿಂತಿದ್ದು 1995ರ ಜನವರಿಯಲ್ಲಿ. ಎರಡೇ ಸೀಸನ್. ನಮ್ಮ ದೇಶಕ್ಕೆ ಕಾರ್ಟೂನ್ ನೆಟ್‌ವರ್ಕ್ ಬಂದಿದ್ದೇ 1995ರಲ್ಲಿ. ಅಂದರೆ ನಾವು ಟಿವಿ ಮುಂದೆ ಕೂರುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು. ನಮಗೆ ಹೇಳುವವರು ಯಾರಿದ್ದರು? ಮುಂದಿನ ವಾರ ಹೊಸದು ಬರುತ್ತದೆ ಅಂತ ವರ್ಷಗಟ್ಟಲೆ ಕಾದೆವು. ಅವೇ ಕಂತುಗಳು ಸುತ್ತಿ ಸುತ್ತಿ ಬರುತ್ತಿದ್ದವು, ಆದರೂ ಕಾದೆವು.

ನಮ್ಮ ಮನೆ ಆಗ ನಿಟುವಳ್ಳಿಯಲ್ಲಿತ್ತು. ಟಿವಿ ನಮ್ಮದಲ್ಲ, ಪಕ್ಕದ ಮನೆ ಅಜ್ಜಿಯದು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಾಗಿಲ ಪಕ್ಕ ಕೂರಬೇಕಿತ್ತು. ಕರೆಂಟ್ ಹೋದರೆ ಆ ದಿನದ ಕಥೆ ಅಷ್ಟಕ್ಕೇ. ಅದೇ ಹೊತ್ತಿಗೆ ನಮ್ಮಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ ಬಾಗಿಲು ಹಾಕಿತು. ದಾವಣಗೆರೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ, ಪ್ರತಿ ಬೀದಿಯಲ್ಲೂ ಇಂಥ ಮನೆಗಳಿದ್ದವು. ಮೊದಲೆಲ್ಲ ಅಪ್ಪ ಶಿಫ್ಟ್ ಮುಗಿಸಿ ಬಂದರೆ ಹುಬ್ಬಿನ ಮೇಲೆ ಹತ್ತಿಯ ನವಿರು ಕೂತಿರುತ್ತಿತ್ತು. ಕಣ್ಣು ಮಿಟುಕಿಸಿದಾಗ ಅದೂ ಅಲ್ಲಾಡುತ್ತಿತ್ತು, ನಾನು ಕೈಯಿಂದ ತೆಗೆಯುತ್ತಿದ್ದೆ. ಆಮೇಲೆ ಪಿ.ಬಿ. ರೋಡ್ ಕಡೆ ಒಂದು ಗ್ಯಾರೇಜಿಗೆ ಸೇರಿದರು. ಹತ್ತಿ ಹೋಯಿತು, ಉಗುರಿನ ಸಂದಿಯಲ್ಲಿ ಗ್ರೀಸ್ ಬಂತು.

ಹೀಗಿರುವಾಗ ಒಂದು ದಿನ ಆ ಕಂತು ಬಂತು. ಇಬ್ಬರು ಪೈಲಟ್‌ಗಳು ಹೇಗೆ ಕೆಲಸ ಕಳೆದುಕೊಂಡರು ಅನ್ನುವ ಕಂತು. ಖಳನಾಯಕ ಡಾರ್ಕ್ ಕ್ಯಾಟ್‌ನ ಬೆನ್ನು ಹತ್ತಿರುತ್ತಾರೆ, ಇನ್ನೇನು ಹೊಡೆಯಬೇಕು, ಅಷ್ಟರಲ್ಲಿ ಇವರ ರಕ್ಷಣಾ ಪಡೆಯ ಮುಖ್ಯಸ್ಥ ಕಮಾಂಡರ್ ಫೆರಲ್ ತಾನೇ ಹೊಡೆಯಬೇಕು ಅಂತ ಅಡ್ಡ ಬರುತ್ತಾನೆ. ಇವರ ವಿಮಾನ ಹೋಗಿ ಅವರದೇ ಮುಖ್ಯ ಕಚೇರಿಗೆ ಬಡಿಯುತ್ತದೆ. ತಪ್ಪು ಅವನದು, ಶಿಕ್ಷೆ ಇವರಿಗೆ. ಕಟ್ಟಡದ ನಷ್ಟ ತೀರುವ ತನಕ ಗುಜರಿಯಲ್ಲಿ ಬಿದ್ದಿರಿ ಅಂತ ಕಳಿಸುತ್ತಾರೆ. ಅದೇ ಗುಜರಿಯ ಸಾಮಾನಿನಲ್ಲಿ ಅವರು ಟರ್ಬೋಕ್ಯಾಟ್ ಅನ್ನುವ ತಮ್ಮ ಜೆಟ್ ವಿಮಾನ ಕಟ್ಟುತ್ತಾರೆ. ಇಂಗ್ಲಿಷ್ ಒಂದಕ್ಷರ ನನಗೆ ಬರುತ್ತಿರಲಿಲ್ಲ. ಆದರೆ ಪೂರ್ತಿ ಅರ್ಥ ಆಯಿತು. ಓಡಿ ಬಂದು ಅಪ್ಪನಿಗೆ ಹೇಳಿದೆ, "ನಿಮ್ಮ ಗ್ಯಾರೇಜಿನಲ್ಲೂ ವಿಮಾನ ಮಾಡಬಹುದು" ಅಂತ. ಅಪ್ಪ ನಗಲಿಲ್ಲ. ಎಷ್ಟು ತಗಡು ಬೇಕಾಗುತ್ತದೆ ಅಂತ ಕೇಳಿದರು.

2015ರಲ್ಲಿ ಇದನ್ನು ಹುಟ್ಟಿಸಿದ ಟ್ರೆಂಬ್ಲೆ ಸಹೋದರರು ಜನರ ಹತ್ತಿರವೇ ಹಣ ಕೇಳಿದರು. ಕೇಳಿದ್ದು 50 ಸಾವಿರ ಡಾಲರ್, ಬಂದಿದ್ದು 1 ಲಕ್ಷ 40 ಸಾವಿರ ದಾಟಿತು. 2020ರಲ್ಲಿ ತಿರುವನಂತಪುರದ ಟೂನ್ಜ್ ಅನ್ನುವ ಅನಿಮೇಷನ್ ಕಂಪನಿ ಅವರ ಜೊತೆ ಸೇರಿ ಹೊಸ ಸರಣಿ ಮಾಡುತ್ತೇವೆ ಅಂತ ಘೋಷಣೆಯೂ ಆಯಿತು. ಆವತ್ತು ನನಗೆ ಹಬ್ಬ. ಈಗ ನೋಡಿದರೆ ಇನ್ನೂ ಕಾಯುತ್ತಲೇ ಇದ್ದೇನೆ. ಒಂದೊಂದು ಸಲ ಬರಲೇಬೇಕು ಅನಿಸುತ್ತದೆ. ಒಂದೊಂದು ಸಲ ಬಂದು ಕೆಟ್ಟದಾಗಿದ್ದರೆ ಏನು ಮಾಡೋದು ಅಂತ ಭಯ ಆಗುತ್ತದೆ. ನೀವು ಹೇಳಿ.

ಕೋಟೆ ಕಾವಲು, ಚಿತ್ರದುರ್ಗ:

ಬರಬೇಕು ಅಣ್ಣ, ಇದರಲ್ಲಿ ಎರಡು ಮಾತಿಲ್ಲ. ಆ ಶುರುವಿನ ಗಿಟಾರ್ ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ನಾವು ಕೋಟೆಯ ಬತೇರಿ ಹತ್ತಿ ಆಡುತ್ತಿದ್ದೆವು. ಒಬ್ಬ ಟಿ-ಬೋನ್, ಒಬ್ಬ ರೇಜರ್, ಚಿಕ್ಕವನು ಯಾವಾಗಲೂ ಖಳನಾಯಕ ಡಾಕ್ಟರ್ ವೈಪರ್. ಟಿ-ಬೋನ್ ವಿಮಾನ ಓಡಿಸುವವನು, ರೇಜರ್ ಹಿಂದೆ ಕೂತು ಕ್ಷಿಪಣಿ ಬಿಡುವವನು. ರೇಜರ್ ಆಗೋಕೆ ಜಗಳ ಜಾಸ್ತಿ. ಇಬ್ಬರ ಕೈಗೂ ಗ್ಲೋವಾಟ್ರಿಕ್ಸ್ ಅನ್ನುವ ಆಯುಧ ಇರುತ್ತಿತ್ತು. ಅಕ್ಕನ ಬಳೆ ಡಬ್ಬ ಕೈಗೆ ಸಿಕ್ಕಿಸಿಕೊಂಡು ಅದನ್ನೇ ಗ್ಲೋವಾಟ್ರಿಕ್ಸ್ ಅನ್ನುತ್ತಿದ್ದೆ.

ಕೆಟ್ಟದಾಗಿ ಬಂದರೆ ಅಂತ ಭಯ ಯಾಕೆ? ಹಳೆಯದನ್ನು ಯಾರೂ ಅಳಿಸಿ ಹಾಕುವುದಿಲ್ಲ ಅಲ್ವಾ. ಅದು ಅದರ ಪಾಡಿಗೆ ಇರುತ್ತದೆ.

ಕ್ಯಾಲಿ ನನ್ನ ಹೀರೋ, ದಾವಣಗೆರೆ:

ನಾನು ಬೇಡ ಅನ್ನುವ ಪಕ್ಷ. ಬೈಯುವ ಮೊದಲು ಪೂರ್ತಿ ಓದಿ.

ನಿಮಗೆಲ್ಲ ವಿಮಾನ ಇಷ್ಟ. ನನಗೆ ಇಷ್ಟವಾಗಿದ್ದು ಕ್ಯಾಲಿ ಬ್ರಿಗ್ಸ್. ಮೇಯರ್ ಮ್ಯಾಂಕ್ಸ್ ಗಾಲ್ಫ್ ಆಡಿಕೊಂಡು ಇರುತ್ತಿದ್ದ, ಊರು ನಡೆಸುತ್ತಿದ್ದವಳು ಉಪಮೇಯರ್ ಕ್ಯಾಲಿ. ಕಡತ ನೋಡುವವಳೂ ಅವಳೇ, ರಾಕ್ಷಸ ಬಂದಾಗ ಎದುರು ನಿಲ್ಲುವವಳೂ ಅವಳೇ, ಸ್ವಾಟ್ ಕ್ಯಾಟ್ಸ್‌ಗೆ ಕರೆ ಮಾಡುವವಳೂ ಅವಳೇ. ಎಂಟು ವರ್ಷದ ಹುಡುಗಿಗೆ ಕಾರ್ಟೂನಿನಲ್ಲಿ ಆಫೀಸಿಗೆ ಹೋಗುವ ಹೆಂಗಸು ಕಂಡಿದ್ದು ಅದೇ ಮೊದಲು. ನಾನೀಗ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಮೇಜಿನ ಮೇಲೆ ಕಡತಗಳ ರಾಶಿ ಬಿದ್ದ ದಿನ ಅವಳ ನೆನಪು ನಿಜವಾಗಿಯೂ ಬರುತ್ತದೆ.

ಈಗ ಹೊಸದು ಮಾಡುತ್ತಾರೆ ಅಂದುಕೊಳ್ಳಿ. ಯಾವ ದನಿಯಲ್ಲಿ ಮಾತಾಡಿಸುತ್ತಾರೆ? ಡಾರ್ಕ್ ಕ್ಯಾಟ್‌ಗೆ ದನಿ ಕೊಟ್ಟ ಬ್ರಾಕ್ ಪೀಟರ್ಸ್ 2005ರಲ್ಲೇ ತೀರಿಕೊಂಡರು. ಕಮಾಂಡರ್ ಫೆರಲ್‌ನ ದನಿ ಗ್ಯಾರಿ ಓವೆನ್ಸ್ 2015ರಲ್ಲಿ ಹೋದರು. ಆ ಗಡಸು ದನಿ ಇಲ್ಲದೆ ಫೆರಲ್ ಫೆರಲ್ ಆಗುತ್ತಾನಾ? ಹೊಸಬರು ಬಂದು ಅದೇ ಥರ ಮಾತಾಡೋಕೆ ಹೋದರೆ ಅನುಕರಣೆ ಅನಿಸುತ್ತದೆ. ಬೇರೆ ಥರ ಮಾತಾಡಿದರೆ ನಮ್ಮವರು ಅನಿಸುವುದಿಲ್ಲ.

ಹಳೆಯದು ಹಾಗೇ ಇರುತ್ತದೆ ಅಂತೀಯಲ್ಲ ತಮ್ಮಾ, ಇರುವುದಿಲ್ಲ. ನಮ್ಮೂರಿನ ಒಂದು ಹಳೇ ಹೋಟೆಲು ಹೊಸದಾಗಿ ಕಟ್ಟಿದ ಮೇಲೆ ನಾನು ಒಂದು ಸಲ ಹೋದೆ. ದೋಸೆ ಚೆನ್ನಾಗೇ ಇತ್ತು. ಆದರೆ ಆವತ್ತಿನಿಂದ ಹಳೇ ಹೋಟೆಲಿನ ಕಟ್ಟಿಗೆ ಒಲೆಯ ಹೊಗೆ, ಕಪ್ಪು ಗೋಡೆ ನೆನಪು ಮಾಡಿಕೊಳ್ಳೋಕೆ ಹೋದರೆ ಹೊಸ ಟೈಲ್ಸ್ ಕಣ್ಣ ಮುಂದೆ ಬರುತ್ತದೆ. ಅದೇ ನನ್ನ ಭಯ.

ಗೆರೆ ಬಣ್ಣ, ಹರಿಹರ (ಈಗ ಬೆಂಗಳೂರು):

ನಾನು ಅನಿಮೇಷನ್ ಕೆಲಸ ಮಾಡುವವನು, ಹದಿನಾಲ್ಕು ವರ್ಷ ಆಯಿತು. ಈ ಕೆಲಸಕ್ಕೆ ಬಂದಿದ್ದೇ ಈ ಕಾರ್ಟೂನಿನಿಂದ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ವಿಷಯ. ಅದು ಅಮೆರಿಕದ ಹ್ಯಾನಾ-ಬಾರ್ಬೆರಾದ ಸರಣಿ, ಆದರೆ ಚಿತ್ರ ಓಡಾಡುವಂತೆ ಮಾಡಿದ್ದು ಜಪಾನಿನ ಮೂಕ್ ಅನ್ನುವ ಸ್ಟುಡಿಯೋ. ಆ ಕಂಪನಿಯ ಉಳಿದ ಕಾರ್ಟೂನ್‌ಗಳ ಜೊತೆ ಇಟ್ಟು ನೋಡಿ, ಇದು ಬೇರೆಯಾಗಿ ಕಾಣೋಕೆ ಮುಖ್ಯ ಕಾರಣ ಅದೇ. ವಿಮಾನ ತಿರುಗುವ ದೃಶ್ಯ ನಿಲ್ಲಿಸಿ ನಿಲ್ಲಿಸಿ ನೋಡಿ. ರೆಕ್ಕೆ ಓರೆಯಾದಾಗ ನೆರಳು ಮೈಮೇಲೆ ಜಾರುತ್ತದೆ. ಸ್ಫೋಟದ ಹೊಗೆ ಒಂದೇ ಉಂಡೆಯಾಗಿ ಬರುವುದಿಲ್ಲ, ಒಳಗಿನಿಂದ ಮಗುಚಿಕೊಂಡು ಬರುತ್ತದೆ. ಅದನ್ನು ಯಾರೋ ಒಬ್ಬರು ಕೂತು ಒಂದೊಂದಾಗಿ ಬರೆದಿದ್ದಾರೆ.

ಲೆಕ್ಕ ಹೇಳುತ್ತೇನೆ. ಫಿಲ್ಮಿನಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಚಿತ್ರ. ಒಂದು ಕಂತು 22 ನಿಮಿಷ ಅಂದರೆ 1,320 ಸೆಕೆಂಡು. ಗುಣಿಸಿ ನೋಡಿ, 15,840. ಎಲ್ಲ ಕಡೆ ಅಷ್ಟು ಬರೆಯುವುದಿಲ್ಲ ನಿಜ. ಮಾತಾಡುವ ದೃಶ್ಯದಲ್ಲಿ ಬಾಯಿ ಮಾತ್ರ ಬದಲಾಗುತ್ತದೆ, ನಿಂತವರನ್ನು ನಿಲ್ಲಿಸಿಯೇ ಇಡುತ್ತಾರೆ. ಆದರೆ ಹೊಡೆದಾಟದ ದೃಶ್ಯದಲ್ಲಿ ಉಳಿತಾಯ ಮಾಡೋಕೆ ಆಗುವುದಿಲ್ಲ, ಮತ್ತೆ ಈ ಸರಣಿಯಲ್ಲಿ ಅಂಥ ದೃಶ್ಯಗಳೇ ಜಾಸ್ತಿ. ಆಗ ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದು ಇಷ್ಟು ಸಲೀಸಾಗಿರಲಿಲ್ಲ. ಪಾರದರ್ಶಕ ಹಾಳೆಯ ಮೇಲೆ ಗೆರೆ ತೆಗೆದು, ಹಿಂಬದಿಯಿಂದ ಕೈಯಲ್ಲಿ ಬಣ್ಣ ತುಂಬುವುದು ರೂಢಿಯಲ್ಲಿತ್ತು.

ಇನ್ನು ಮತ್ತೆ ಬರುವ ಮಾತು. ನಾವು ಜನ ಕೇಳಿದರೆ ಬರುತ್ತದೆ ಅಂದುಕೊಳ್ಳುತ್ತೇವೆ. ಅಷ್ಟು ಸುಲಭ ಅಲ್ಲ. ಹ್ಯಾನಾ-ಬಾರ್ಬೆರಾವನ್ನು ಟರ್ನರ್ ಕಂಪನಿ 1991ರಲ್ಲಿ ಕೊಂಡುಕೊಂಡಿತು, 1996ರಲ್ಲಿ ಟರ್ನರ್ ಹೋಗಿ ಟೈಮ್ ವಾರ್ನರ್ ಜೊತೆ ಸೇರಿತು. ಹಾಗಾಗಿ ಹಳೆಯ ಸರಣಿ ಈಗ ವಾರ್ನರ್ ಕೈಯಲ್ಲಿದೆ. ಸೃಷ್ಟಿಸಿದವರು ಒಬ್ಬರು, ಮಾಲೀಕರು ಇನ್ನೊಬ್ಬರು, ಹಣ ಹಾಕುವವರು ಮತ್ತೊಬ್ಬರು. ಮೂವರೂ ಒಂದೇ ಮೇಜಿನ ಸುತ್ತ ಕೂರಬೇಕು. ಆಟಿಕೆ ಮಾರುವವರು ಕೈ ಬಿಟ್ಟರೆ ಒಳ್ಳೆಯ ಸರಣಿಯೂ ನಿಲ್ಲುತ್ತದೆ, ಯಂಗ್ ಜಸ್ಟೀಸ್ ಅನ್ನುವ ಕಾರ್ಟೂನ್ 2013ರಲ್ಲಿ ಹಾಗೇ ನಿಂತಿತು. ಅಭಿಮಾನಿಗಳು ಬಿಡದೆ ನೋಡುತ್ತಾ ಕೇಳುತ್ತಾ ಇದ್ದಿದ್ದಕ್ಕೆ 2019ರಲ್ಲಿ ಮತ್ತೆ ಬಂತು.

ನನ್ನ ಅಭಿಪ್ರಾಯ ಇಷ್ಟೇ. ಸ್ವಾಟ್ ಕ್ಯಾಟ್ಸ್ ನಿಂತಾಗ ಮೂರು ಕಂತುಗಳು ಅರ್ಧಕ್ಕೇ ಉಳಿದವು. ಅದರಲ್ಲಿ ಒಂದು ಟರ್ಮಾಯಿಲ್ ಮರಳಿ ಬರುವ ಕಥೆ, ಟಿ-ಬೋನ್‌ನನ್ನು ತನ್ನ ಹಾರುವ ಹಡಗಿಗೆ ಸೇರಿಸಿಕೊಳ್ಳೋಕೆ ನೋಡಿದಳಲ್ಲ ಅವಳೇ. ಹೊಸ ಸರಣಿ, ಹೊಸ ರೂಪ, ಇದೆಲ್ಲ ಆಮೇಲೆ. ಮೊದಲು ಆ ಮೂರನ್ನು ಮುಗಿಸಲಿ. ಅದೇ ಗೆರೆಯಲ್ಲಿ, ಅದೇ ಕತ್ತಲೆ ಬಣ್ಣದಲ್ಲಿ. ಅರ್ಧ ಬರೆದ ಚಿತ್ರ ಮೇಜಿನ ಮೇಲೆ ಬಿಟ್ಟು ಹೋಗುವ ಸಂಕಟ ಏನು ಅಂತ ನನಗೆ ಗೊತ್ತು. ನಾನು ಎಂಟು ತಿಂಗಳು ದುಡಿದ ಒಂದು ಸರಣಿಯನ್ನು ಒಂದು ಸೋಮವಾರ ಬೆಳಿಗ್ಗೆ ನಿಲ್ಲಿಸಿಬಿಟ್ಟರು. ನಾನು ಬರೆದ ಒಂದು ಹುಡುಗಿ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿಕೊಂಡು ನಿಂತಿದ್ದಳು. ಅವಳು ಇವತ್ತಿಗೂ ಹತ್ತಿಲ್ಲ.

ಕೋಟೆ ಕಾವಲು, ಚಿತ್ರದುರ್ಗ:

ಗೆರೆ ಬಣ್ಣ ಅಣ್ಣ, ಕೊನೆಯ ಸಾಲು ಓದಿ ಸುಮ್ನೆ ಕೂತುಬಿಟ್ಟೆ.

ಅಕ್ಕ, ದನಿಯ ಬಗ್ಗೆ ನೀವು ಹೇಳಿದ್ದಕ್ಕೆ ಒಂದು ಉತ್ತರ ಇದೆ. ಸಮುರಾಯ್ ಜಾಕ್ ಕಾರ್ಟೂನ್ ನೆನಪಿದೆಯಾ, ಅಕು ಅನ್ನುವ ರಾಕ್ಷಸ ಜಾಕ್‌ನನ್ನು ಭವಿಷ್ಯಕ್ಕೆ ಎಸೆದುಬಿಡುತ್ತಾನಲ್ಲ ಅದು? 2001ರಲ್ಲಿ ಶುರುವಾಗಿ 2004ಕ್ಕೆ ನಿಂತಿತು, ಜಾಕ್ ತನ್ನ ಕಾಲಕ್ಕೆ ವಾಪಸ್ ಹೋಗಲೇ ಇಲ್ಲ. 2017ರಲ್ಲಿ ಅದನ್ನು ಮಾಡಿದ ಗೆಂಡಿ ಟಾರ್ಟಕೋವ್ಸ್ಕಿ ಅವರೇ ಬಂದು ಹತ್ತು ಕಂತು ಮಾಡಿ ಮುಗಿಸಿದರು. ಅಕು ರಾಕ್ಷಸನಿಗೆ ದನಿ ಕೊಟ್ಟ ಮಾಕೋ 2006ರಲ್ಲೇ ತೀರಿಕೊಂಡಿದ್ದರು. ಗ್ರೆಗ್ ಬಾಲ್ಡ್ವಿನ್ ಆ ಪಾತ್ರಕ್ಕೆ ದನಿ ಕೊಟ್ಟರು. ಮೊದಲ ಎರಡು ನಿಮಿಷ ಬೇರೆ ಅನಿಸಿತು, ಆಮೇಲೆ ನಾನು ಮರೆತೇಬಿಟ್ಟೆ. ಮತ್ತೆ ಮುಖ್ಯವಾದ ಮಾತು, ಟಿ-ಬೋನ್‌ಗೆ ದನಿ ಕೊಟ್ಟ ಚಾರ್ಲಿ ಆಡ್ಲರ್ ಆಗಲಿ ರೇಜರ್‌ಗೆ ಕೊಟ್ಟ ಬ್ಯಾರಿ ಗಾರ್ಡನ್ ಆಗಲಿ ಆ ಪಾತ್ರಗಳನ್ನು ಎಷ್ಟು ಪ್ರೀತಿಯಿಂದ ಮಾಡಿದ್ದರು ಅಂತ ಕೇಳಿದರೇ ತಿಳಿಯುತ್ತದೆ. ಕರೆದರೆ ಬರುವುದಿಲ್ಲ ಅಂತ ಯಾಕೆ ಅಂದುಕೊಳ್ಳಬೇಕು?

ಕ್ಯಾಲಿ ನನ್ನ ಹೀರೋ, ದಾವಣಗೆರೆ:

ಸಮುರಾಯ್ ಜಾಕ್ ನಾನೂ ನೋಡಿದ್ದೇನೆ. ಅದು ಚೆನ್ನಾಗಿ ಬಂತು ಯಾಕೆಂದರೆ ಮುಗಿಸೋಕೆ ಅಂತಲೇ ಬಂತು. ಹತ್ತೇ ಕಂತು, ಕಥೆ ಮುಗಿಯಿತು, ಎದ್ದು ಹೋದರು. ಇಲ್ಲಿ ಹಾಗೆ ಆಗುತ್ತದೆ ಅನ್ನೋಕೆ ಏನು ಭರವಸೆ? ಇನ್ನೂ ನಾಲ್ಕು ಸೀಸನ್ ಎಳೆದು, ಮತ್ತೆ ನಡುವೆ ನಿಲ್ಲಿಸಿದರೆ? ಎರಡು ಸಲ ಅರ್ಧಕ್ಕೆ ಬಿಡುವುದನ್ನು ನಾನಂತೂ ನೋಡಲಾರೆ.

ಆದರೆ ಆ ಮೂರು ಕಂತುಗಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅದನ್ನು ಒಪ್ಪುತ್ತೇನೆ.

ಎಣ್ಣೆಗಾಣ, ಚಳ್ಳಕೆರೆ:

ಎಲ್ಲರೂ ನಮ್ಮ ನೆನಪು ನಮ್ಮ ನೆನಪು ಅಂತ ಮಾತಾಡುತ್ತಿದ್ದೀರಿ. ಈಗಿನ ಮಕ್ಕಳ ಮಾತು ಯಾರೂ ಎತ್ತಲಿಲ್ಲ. ನನಗೆ ಒಂಬತ್ತು ವರ್ಷದ ಮಗ ಇದ್ದಾನೆ. ನಮ್ಮ ತಾಲ್ಲೂಕಿನಲ್ಲಿ ಡಿಆರ್‌ಡಿಒದವರ ವಿಮಾನ ಪರೀಕ್ಷಾ ಕೇಂದ್ರ ಇದೆ, 2017ರಲ್ಲಿ ಉದ್ಘಾಟನೆ ಆಯಿತು. ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಅಂಥ ಊರಿನ ಹುಡುಗ, ವಿಮಾನ ಅಂದರೆ ಊಟ ಬಿಡುತ್ತಾನೆ. ಕಳೆದ ರಜೆಯಲ್ಲಿ ಅವನಿಗೆ ಸ್ವಾಟ್ ಕ್ಯಾಟ್ಸ್ ತೋರಿಸಿದೆ. ಹಳೇ ಚಿತ್ರ, ಬಣ್ಣ ಮಸುಕು, ನೋಡುತ್ತಾನೋ ಇಲ್ಲವೋ ಅಂದುಕೊಂಡಿದ್ದೆ. ಎರಡನೇ ದಿನ ಶೇಂಗಾ ಚೀಲದ ಮೇಲೆ ಕುದುರೆ ಹತ್ತಿದ ಹಾಗೆ ಕೂತು, ಹಿಂದೆ ತಂಗಿಯನ್ನು ಕೂರಿಸಿಕೊಂಡು, "ಕ್ಷಿಪಣಿ ಬಿಡು, ಕ್ಷಿಪಣಿ ಬಿಡು" ಅಂತ ಕೂಗುತ್ತಿದ್ದ. ಚೀಲ ಒಡೆದು ಅಂಗಳದ ತುಂಬಾ ಕಾಯಿ.

ಆದರೆ ಪ್ರತಿ ಐದು ನಿಮಿಷಕ್ಕೆ "ಅಮ್ಮ ಏನಂದ ಅವನು" ಅಂತ ಕೇಳುತ್ತಿದ್ದ. ನಾನು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ದೃಶ್ಯ. ನಾವು ಚಿಕ್ಕವರಿದ್ದಾಗ ಇಂಗ್ಲಿಷಿನಲ್ಲಿ ನೋಡಿದೆವು, ಆಮೇಲೆ ಹಿಂದಿಯಲ್ಲಿ. ಕನ್ನಡದಲ್ಲಿ ಮಕ್ಕಳ ಚಾನೆಲ್ ಅಂತ ಚಿಂಟು ಟಿವಿ ಬಂದಿದ್ದು 2009ರಲ್ಲಿ, ಅಷ್ಟು ಹೊತ್ತಿಗೆ ನಮ್ಮ ವಯಸ್ಸು ದಾಟಿತ್ತು. ನನ್ನ ತಮ್ಮನ ಪೀಳಿಗೆ ಅದನ್ನು ನೋಡಿ ಬೆಳೆಯಿತು. ಅವರು ಕಾರ್ಟೂನ್ ಮಾತುಗಳನ್ನು ಕನ್ನಡದಲ್ಲೇ ನೆನಪಿಟ್ಟುಕೊಂಡಿದ್ದಾರೆ. ನಮಗೆ ದೃಶ್ಯ ಮಾತ್ರ ನೆನಪಿದೆ, ಮಾತಿಲ್ಲ.

ಅದಕ್ಕೇ ಹೇಳುತ್ತೇನೆ, ಬರಲಿ, ಕನ್ನಡದಲ್ಲೂ ಬರಲಿ. ಹಳೆಯದಕ್ಕೂ ಕನ್ನಡ ದನಿ ಕೊಡಲಿ. ಹೊಸದಾಗಿ ಒಂದು ಗೆರೆಯೂ ಬರೆಯದೆ ಮಾಡಬಹುದಾದ ಕೆಲಸ ಅದು. ಕ್ಯಾಲಿ ಅಕ್ಕ, ನಿಮಗೆ ಬೇಡ ಅಂದರೆ ಬೇಡ, ನನ್ನ ಮಗನಿಗೆ ಯಾಕೆ ಬೇಡ?

ಕ್ಯಾಲಿ ನನ್ನ ಹೀರೋ, ದಾವಣಗೆರೆ:

ಕನ್ನಡದ ಮಾತು ನೂರಕ್ಕೆ ನೂರು ಒಪ್ಪಿಗೆ. ಕ್ಯಾಲಿ ಕನ್ನಡದಲ್ಲಿ ಮೇಯರ್‌ಗೆ "ಸಾರ್, ಮೊದಲು ಇಲ್ಲಿ ಸೈನ್ ಹಾಕಿ" ಅನ್ನುವುದನ್ನು ಕೇಳಬೇಕು ನನಗೆ. ನಿಮ್ಮ ಮಗಳು ಹಿಂದೆಯೇ ಕೂರುತ್ತಾಳಾ? ಮುಂದಿನ ಸಲ ಅವಳನ್ನು ಮುಂದೆ ಕೂರಿಸಿ. ಎರಡನೇ ಸೀಸನ್‌ನಲ್ಲಿ ಫೆಲಿನಾ ಫೆರಲ್ ಬರುತ್ತಾಳೆ, ಕಮಾಂಡರ್‌ನ ಅಣ್ಣನ ಮಗಳೋ ತಮ್ಮನ ಮಗಳೋ, ಅಂತೂ ಅವಳೇ ಒಳ್ಳೆಯ ಪೈಲಟ್. ಅವಳ ಕಂತುಗಳನ್ನು ತೋರಿಸಿ.

ಗೆರೆ ಬಣ್ಣ, ಹರಿಹರ (ಈಗ ಬೆಂಗಳೂರು):

ಚಳ್ಳಕೆರೆ ಅಕ್ಕ, ಡಬ್ಬಿಂಗ್ ನೀವು ಅಂದುಕೊಂಡಿದ್ದಕ್ಕಿಂತ ಕಷ್ಟ, ಆದರೆ ಹೊಸದಾಗಿ ಬರೆಯುವುದಕ್ಕಿಂತ ಖಂಡಿತ ಸುಲಭ. ಬಾಯಿ ತೆರೆದು ಮುಚ್ಚುವ ಹೊತ್ತಿಗೆ ಸರಿಯಾಗಿ ಕನ್ನಡದ ಮಾತು ಹೊಂದಿಸಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಮಾತು ಬರೆಯುವವರು ಒಳ್ಳೆಯವರಾಗಿದ್ದರೆ ಎಲ್ಲ ಸರಿಹೋಗುತ್ತದೆ. ದುರ್ಗ, ದಾವಣಗೆರೆ ಕಡೆಯ ಕನ್ನಡದಲ್ಲಿ ಗ್ಯಾರೇಜಿನ ಇಬ್ಬರು ಮಾತಾಡಿದರೆ ಎಷ್ಟು ಚೆನ್ನ ಅಂತ ಈಗಲೇ ಯೋಚಿಸುತ್ತಿದ್ದೇನೆ.

ಗುಜರಿ ವಿಮಾನ, ದಾವಣಗೆರೆ:

ಎಲ್ಲರಿಗೂ ಧನ್ಯವಾದ. ನಾಲ್ಕು ದಿನ ಈ ಕಡೆ ಬರೋಕೆ ಆಗಲಿಲ್ಲ.

ನಿಮ್ಮ ಮಾತೆಲ್ಲ ಓದಿದ ಮೇಲೆ ಭಾನುವಾರ ಒಂದು ಕೆಲಸ ಮಾಡಿದೆ. ಅಪ್ಪನಿಗೆ ಈಗ ಎಪ್ಪತ್ತೊಂದು. ಆ ಕಂತನ್ನು ಅವರು ಯಾವತ್ತೂ ನೋಡಿರಲಿಲ್ಲ, ನಾನು ಹೇಳಿದ್ದನ್ನು ಕೇಳಿದ್ದರು ಅಷ್ಟೇ. ಮಧ್ಯಾಹ್ನ ಊಟ ಆದ ಮೇಲೆ ಮಂಚದ ಮೇಲೆ ಕೂರಿಸಿ, ನನ್ನ ಬಳಿ ಇರುವ ಡಿವಿಡಿ ಹಾಕಿದೆ. ಪಕ್ಕದಲ್ಲಿ ಕೂತು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ.

ಫೆರಲ್ ಅಡ್ಡ ಬಂದಾಗ ಅಪ್ಪ "ಥೂ" ಅಂದರು. ಗುಜರಿ ಬಂದಾಗ ಕನ್ನಡಕ ಸರಿ ಮಾಡಿಕೊಂಡು ಮುಂದೆ ಬಾಗಿದರು. ಅವರು ವಿಮಾನ ನೋಡುತ್ತಿರಲಿಲ್ಲ, ರಾಶಿ ಬಿದ್ದ ಸಾಮಾನು ನೋಡುತ್ತಿದ್ದರು. "ಒಳ್ಳೊಳ್ಳೆ ಸಾಮಾನು ಬಿಸಾಕಿದ್ದಾರೆ ನೋಡು" ಅಂದರು. ಆಮೇಲೆ ಪೂರ್ತಿ ಮುಗಿಯುವ ತನಕ ಮಾತಿಲ್ಲ. ಮೊಣಕಾಲಿನ ಮೇಲೆ ಕೈ ಇತ್ತು. ವೆಲ್ಡಿಂಗ್ ಕಿಡಿ ಹಾರಿ ಸುಟ್ಟ ಚಿಕ್ಕ ಚಿಕ್ಕ ಬಿಳೀ ಕಲೆಗಳು ಈಗ ಸುಕ್ಕಿನೊಳಗೆ ಸೇರಿಹೋಗಿವೆ.

ಮುಗಿದ ಮೇಲೆ ಕೇಳಿದರು, "ಆಮೇಲೆ ಅವರನ್ನ ವಾಪಸ್ ಕೆಲಸಕ್ಕೆ ತಗೊಂಡ್ರಾ?"

ಇಲ್ಲ ಅಪ್ಪ, ಅದು ಗೊತ್ತಾಗುವ ಮೊದಲೇ ನಿಂತು ಹೋಯಿತು ಅಂದೆ.

"ಆ ಕಟ್ಟಡದ ಸಾಲ?"

ಅದೂ ತೀರಿದ್ದು ತೋರಿಸಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ನನ್ನ ಪ್ರಶ್ನೆಗೆ ಇಷ್ಟು ದಿನ ಉತ್ತರ ಹುಡುಕುತ್ತಿದ್ದೆನಲ್ಲ, ಅಲ್ಲೇ ಸಿಕ್ಕಿತು. ಬರಬೇಕು. ಹೊಸ ರೂಪ ಹೇಗಾದರೂ ಇರಲಿ, ದನಿ ಯಾರದಾದರೂ ಇರಲಿ, ಅವರಿಬ್ಬರ ಮೇಲಿನ ಆ ಸುಳ್ಳು ಆರೋಪ ಹೋಗಬೇಕು. ಕ್ಯಾಲಿ ಮೇಡಂ, ಒಂದೇ ಒಂದು ಕಂತು ಆ ಕಥೆಗೆ ಇದ್ದರೂ ಸಾಕು ನನಗೆ. ನೀವು ಅದನ್ನಾದರೂ ನೋಡುತ್ತೀರಿ ಅಲ್ವಾ?

ಎದ್ದು ಟಿವಿ ಆರಿಸೋಕೆ ಹೋದಾಗ ಅಪ್ಪ ಇನ್ನೊಂದು ಕೇಳಿದರು. ಅವರು ಕೇಳಿದ್ದು ಸಾಲದ ಲೆಕ್ಕ.

"ಇನ್ನೂ ಎಷ್ಟು ಕಂತು ಬಾಕಿ ಐತೆ?"

ಮೂರು ಅಂದೆ.